ಪಕ್ಕದ ಮನೆಯವರೇ ಕೇಸಾದಾಗ

"ಕಾಫಿ ಬೇಡ ಅಂದರೆ ಮನೆಯವರಿಗೆ ಅವಮಾನ. ಕುಡಿದರೆ ವಿಚಾರಣೆಗೆ ಹೋದ ಸಮಾಜಕಾರ್ಯಕರ್ತೆ ಅತಿಥಿ. ಅತಿಥಿಯಾದವಳು ಅದೇ ಮನೆಯ ಯಜಮಾನನ ಮೇಲೆ ಪೊಲೀಸರಿಗೆ ಬರೆದು ಕೊಡೋದು ಹೇಗೆ? ಇದಕ್ಕೆ ನಾವು ಓದಿದ ಪುಸ್ತಕದಲ್ಲಿ ಉತ್ತರ ಇದೆಯಾ ಮೇಡಂ?"

ಕೇಳಿದವನು ಮಕ್ಕಳ ರಕ್ಷಣಾ ಘಟಕವೊಂದರಲ್ಲಿ ಆಪ್ತಸಮಾಲೋಚಕ. ಕೇಳಿಸಿಕೊಂಡವರು ಅವನಿಗೆ ಎಂ.ಎಸ್.ಡಬ್ಲ್ಯು. ತರಗತಿಯಲ್ಲಿ ಪಾಠ ಹೇಳಿ ಈಗ ನಿವೃತ್ತರಾಗಿರುವ ಅಧ್ಯಾಪಕಿ. ಪಿಎಚ್.ಡಿ.ಗೆ ಅವನು ಆರಿಸಿಕೊಂಡ ವಿಷಯ 'ಅರಬ್ ಸಮಾಜಕಾರ್ಯಕರ್ತರ ಬರ್ನ್‌ಔಟ್: ಸಾಂಸ್ಕೃತಿಕ ಕಾರಣಗಳು'. ಪ್ರಸ್ತಾವವನ್ನು ಓದಿ ಮುಗಿಸಿದ್ದ ಅವರು ಕನ್ನಡಕ ತೆಗೆದು ಅದರ ಮೇಲೇ ಇಟ್ಟರು.

"ಉತ್ತರ ಇಲ್ಲ. ಆದರೆ ಮೊದಲು ಇದನ್ನ ಹೇಳು, ಯಾವ ಅರಬ್ಬರು?"

"ಅಂದರೆ?"

"ಅರಬ್ ಲೀಗಿನಲ್ಲೇ 22 ಸದಸ್ಯ ದೇಶಗಳಿವೆ ಕಣಪ್ಪ. ರಿಯಾದಿನ ಆಸ್ಪತ್ರೆಯಲ್ಲಿ ಎಸಿ ಕೋಣೆಯಲ್ಲಿ ಕೂತವಳೂ ಅರಬ್, ಕೈರೋದ ಶಾಲೆಗೆ ಹೋಗಿಬರೋನೂ ಅರಬ್, ಗಾಜಾದ ಡೇರೆಯಲ್ಲಿ ಇರೋಳೂ ಅರಬ್. ನೀನು ಮೂರನೇ ಪುಟದಲ್ಲಿ ದೇಶಗಳ ಸಂಸ್ಕೃತಿಗೆ ಅಂಕ ಕೊಡೋ ಹಾಫ್‌ಸ್ಟೆಡ್ ಕೋಷ್ಟಕ ಅಂಟಿಸಿದ್ದೀಯ. ವ್ಯಕ್ತಿವಾದದಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48, ಅರಬ್ ದೇಶಗಳಿಗೆ 38. ಆ 38 ಎಲ್ಲಿಂದ ಬಂತು ಗೊತ್ತಾ? ಈಜಿಪ್ಟ್, ಇರಾಕ್, ಕುವೈತ್, ಲೆಬನಾನ್, ಲಿಬಿಯಾ, ಸೌದಿ, ಎಮಿರೇಟ್ಸ್ ಏಳನ್ನೂ ಒಂದೇ ಮೂಟೆ ಕಟ್ಟಿ ಕೊಟ್ಟ ಅಂಕ ಅದು. ಕೇಳಿದ್ದು ಯಾರನ್ನ? ಐಬಿಎಂ ಕಂಪನಿಯ ನೌಕರರನ್ನ. ಕೇಳಿದ್ದು ಯಾವಾಗ? 1970ರ ಆಸುಪಾಸಿನಲ್ಲಿ."

ಅವನು ನಕ್ಕ. ಹಾಫ್‌ಸ್ಟೆಡ್ ಕೋಷ್ಟಕವಿಲ್ಲದ 'ಸಂಸ್ಕೃತಿ' ಪ್ರಸ್ತಾವ ಈಚೆಗೆ ಕಾಣಸಿಗುವುದೇ ಕಷ್ಟ. ಅದು ಅವನಿಗೂ ಗೊತ್ತು.

"ಸರಿ, ಕೋಷ್ಟಕ ಬಿಡೋಣ. ಒಂದು ಜಾಗ ಹಿಡೀತೀನಿ. ಇಸ್ರೇಲಿನ ಒಳಗೇ ಇರೋ ಅರಬ್ ನಾಗರಿಕರು. ಅಲ್ಲಿನ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಐದರಲ್ಲಿ ಒಂದು ಪಾಲು. ಅವರ ಹಳ್ಳಿ, ಪಟ್ಟಣಗಳ ಕಲ್ಯಾಣ ಕಚೇರಿಯಲ್ಲಿ ಕೆಲಸ ಮಾಡೋರು ಬಹುಪಾಲು ಅರಬ್ಬರೇ, ಅದರಲ್ಲೂ ಹೆಂಗಸರೇ ಹೆಚ್ಚು. ಮುಹಮ್ಮದ್ ಹಾಜ್ ಯಹ್ಯಾ ಮತ್ತು ಜೊತೆಗಾರರು 2000ದಲ್ಲೇ ಇವರ ವೃತ್ತಿತೃಪ್ತಿ, ಬರ್ನ್‌ಔಟ್ ಎರಡನ್ನೂ ಅಧ್ಯಯನ ಮಾಡಿದ್ದಾರೆ."

"ಈಗ ಮಾತಿಗೆ ನೆಲ ಸಿಕ್ಕಿತು. ನಿನ್ನ ಕಾಫಿ ಕತೆಗೆ ಬಾ."

"ಕತೆಯಲ್ಲ ಮೇಡಂ, ರೂಢಿ. ಪ್ಯಾಲೆಸ್ಟೀನ್, ಜೋರ್ಡಾನ್ ಕಡೆ ಹೆಣ್ಣು ಕೇಳೋದಕ್ಕೋ ರಾಜಿ ಮಾತಿಗೋ ಹಿರಿಯರ ನಿಯೋಗ ಹೋಗುತ್ತೆ, ಜಾಹಾ ಅಂತ. ಮನೆಯವರು ಏಲಕ್ಕಿ ಹಾಕಿದ ಕಹಿ ಕಾಫಿಯನ್ನ ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ತಂದು ಕೊಡ್ತಾರೆ. ನಿಯೋಗದ ಹಿರಿಯ ಅದನ್ನ ತಗೊಂಡು ಕೆಳಗಿಡ್ತಾನೆ, ತುಟಿಗೆ ಸೋಕಿಸೋದಿಲ್ಲ. ಬಂದ ಕೆಲಸ ಹೇಳ್ತಾನೆ. ಮನೆಯ ಯಜಮಾನ 'ನಿಮ್ಮ ಮಾತು ನಡೆಸಿಕೊಟ್ಟಿದ್ದೀವಿ, ಕುಡೀರಿ' ಅಂದ ಮೇಲೇ ಕಾಫಿ. ಅಂಥ ಮನೆಗೆ ಇಪ್ಪತ್ತಾರು ವರ್ಷದ ಹುಡುಗಿ ಫೈಲ್ ಹಿಡಿದು ಹೋಗ್ತಾಳೆ ಅಂತಿಟ್ಟುಕೊಳ್ಳಿ. ಹೈಫಾ ವಿಶ್ವವಿದ್ಯಾಲಯದಲ್ಲಿ ಹೀಬ್ರೂವಿನಲ್ಲಿ ಓದಿ ಬಂದವಳು. ಮನೆಯಾಕೆ ಅವಳನ್ನ 'ಬಿಂತಿ', ಮಗಳೇ ಅಂತ ಕರೀತಾಳೆ. ಯಜಮಾನ ಅವಳ ದೊಡ್ಡಪ್ಪನ ಜೊತೆ ಓದಿದವನು. ಅವಳು ಬಂದಿರೋದು ಅವನು ಮಗನಿಗೆ ಹೊಡೆದ ಬಗ್ಗೆ ವಿಚಾರಣೆಗೆ."

"ಕುಡೀತಾಳೆ."

"ಕುಡೀಲೇಬೇಕು. ಆಮೇಲೆ ಕಚೇರಿಗೆ ಬಂದು ವರದಿ ಬರೀಬೇಕು. 1989ರಲ್ಲಿ ಇಸ್ರೇಲ್ ತನ್ನ ದಂಡಸಂಹಿತೆಗೆ ತಿದ್ದುಪಡಿ ತಂತು. ಮಗುವಿಗೆ ಮನೆಯವರಿಂದಲೇ ಹಿಂಸೆ ಆಗ್ತಿದೆ ಅನ್ನೋ ಶಂಕೆ ಬಂದರೆ ತಿಳಿಸಲೇಬೇಕು. ತಿಳಿಸದಿದ್ದರೆ ಯಾರಿಗಾದರೂ ಶಿಕ್ಷೆ, ಸಮಾಜಕಾರ್ಯಕರ್ತರಂಥ ವೃತ್ತಿಯವರಿಗೆ ಇನ್ನೂ ಜಾಸ್ತಿ. ನಮ್ಮ 2012ರ ಪೋಕ್ಸೊ ಕಾಯ್ದೆಯಲ್ಲೂ ಲೈಂಗಿಕ ಅಪರಾಧಗಳ ಮಟ್ಟಿಗೆ ತಿಳಿಸೋದು ಕಡ್ಡಾಯ ತಾನೇ. ಆದರೆ ನಾನು ವರದಿ ಬರೆದು ಬಸ್ ಹತ್ತಿ ನಮ್ಮೂರಿಗೆ ಬಂದುಬಿಡ್ತೀನಿ. ಅವಳ ಮನೆ ಅದೇ ಬೀದಿಯಲ್ಲಿದೆ."

ಅಧ್ಯಾಪಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷ ಅವರು ಕಲಿಸಿದ್ದು ಫೆಲಿಕ್ಸ್ ಬೀಸ್ಟೆಕ್‌ನ ಏಳು ತತ್ತ್ವಗಳನ್ನು. ಷಿಕಾಗೋದ ಆ ಜೆಸ್ಯೂಟ್ ಪಾದ್ರಿ 1957ರಲ್ಲಿ ಬರೆದ ಪುಸ್ತಕವನ್ನು ಓದದೆ ನಮ್ಮಲ್ಲಿ ಯಾರೂ ಎಂ.ಎಸ್.ಡಬ್ಲ್ಯು. ದಾಟುವುದಿಲ್ಲ. ಫಲಾನುಭವಿಯ ಸ್ವನಿರ್ಧಾರ, ಗೋಪ್ಯತೆ, ಹದ್ದುಬಸ್ತಿನಲ್ಲಿರುವ ಭಾವನಾತ್ಮಕ ಒಡನಾಟ ಎಂದು ಪರೀಕ್ಷೆಗೆ ಉರು ಹೊಡೆಯುವುದು ಅದನ್ನೇ.

"ಬೀಸ್ಟೆಕ್ ಒಂದು ಮಾತನ್ನ ಹೇಳದೇ ಒಪ್ಪಿಕೊಂಡುಬಿಟ್ಟಿದ್ದಾನೆ," ಎಂದರು. "ಬಾಗಿಲು ತಟ್ಟಿ ಬರೋನು ಅಪರಿಚಿತ ಅಂತ. ಗುಟ್ಟು ಕಾಯೋದು ಅಪರಿಚಿತರ ವಿಷಯದಲ್ಲಿ ಸುಲಭ. ನಮಗೂ ಅರಬ್ಬರಿಗೂ ಈ ವಿದ್ಯೆ ಹೆಚ್ಚುಕಡಿಮೆ ಒಟ್ಟಿಗೇ ಬಂತು ನೋಡು. ಮುಂಬೈಯಲ್ಲಿ ಸಮಾಜಕಾರ್ಯ ಕಲಿಸೋ ಟಾಟಾ ಸಂಸ್ಥೆ ಶುರುವಾಗಿದ್ದು 1936ರಲ್ಲಿ, ಅಮೆರಿಕದ ಮ್ಯಾನ್‌ಶಾರ್ಟ್ ಮುಂದಾಳತ್ವದಲ್ಲಿ. ಈಜಿಪ್ಟಿನಲ್ಲಿ ಸಮಾಜಕಾರ್ಯದ ಶಾಲೆಗಳು ತೆರೆದದ್ದೂ ಅದೇ ವರ್ಷದ ಆಸುಪಾಸಿನಲ್ಲಿ. ಆಮೇಲೆ ಪುಸ್ತಕ ಎಲ್ಲ ಅಮೆರಿಕದ್ದೇ."

"ಅದಕ್ಕೇ ನಾನು ಹೇಳೋದು, ಕಾರಣ ಸಂಸ್ಕೃತಿ ಅಂತ."

"ಅವಸರ ಬೇಡ. ಬರ್ನ್‌ಔಟ್ ಅಳೆಯೋದು ಹೇಗೆ, ಅದನ್ನ ಹೇಳು."

ಅವನು ಹೇಳಿದ. 1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯದ ಸ್ವಯಂಸೇವಕರು ಬಸವಳಿಯುವುದನ್ನು ಕಂಡು ಮೊದಲ ಲೇಖನ ಬರೆದ. 1981ರಲ್ಲಿ ಬರ್ಕ್ಲಿಯ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 22 ಹೇಳಿಕೆಗಳ ಮಾಪನ ತಂದರು. ಅದು ಮೂರು ಸಂಗತಿ ನೋಡುತ್ತದೆ: ಭಾವನಾತ್ಮಕ ಬಳಲಿಕೆ, ಎದುರಿಗಿರುವವರನ್ನು ಮನುಷ್ಯರೆಂದೇ ಕಾಣದಷ್ಟು ದೂರವಾಗುವುದು, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ರೋಗವರ್ಗೀಕರಣ 2019ರಲ್ಲಿ ಬರ್ನ್‌ಔಟನ್ನು ಸೇರಿಸಿಕೊಂಡಿತು, ಆದರೆ ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವಾಗಿ. ಬದುಕಿನ ಬೇರೆ ಕ್ಷೇತ್ರಗಳ ದಣಿವಿಗೆ ಈ ಹೆಸರು ಬಳಸಬಾರದು ಎಂದೂ ಬರೆಯಿತು.

"ನಿಲ್ಲಿಸು. ಕೆಲಸದ ದಣಿವು ಬೇರೆ, ಮನೆಯ ದಣಿವು ಬೇರೆ ಅಂತ ಜಿನೀವಾದಲ್ಲಿ ಗೆರೆ ಎಳೆದರು. ನಿನ್ನ ಹುಡುಗಿಗೆ ಆ ಗೆರೆ ಎಲ್ಲಿದೆ?"

"ಇಲ್ಲವೇ ಇಲ್ಲ. ಸಂಜೆ ಮನೆಗೆ ಬಂದರೆ ಫೈಲಿನವರ ಸೋದರತ್ತೆ ಬಂದು ಕೂತಿರ್ತಾಳೆ. ಮದುವೆಗೆ ಹೋದರೆ ಪಕ್ಕದಲ್ಲಿ ಕೂತವರು ಭತ್ಯೆ ಯಾವಾಗ ಬರುತ್ತೆ ಅಂತ ಕೇಳ್ತಾರೆ. ಫೋನ್ ಆಫ್ ಮಾಡಿ, ರಜೆ ಹಾಕಿ, ಅಂತರ ಕಾಯ್ದುಕೊಳ್ಳಿ ಅಂತ ತರಬೇತಿಯಲ್ಲಿ ಹೇಳೋದನ್ನ ಅವಳು ಮಾಡಿದರೆ ಊರವರು ಅವಳಿಗೆ ಕೊಬ್ಬು ಅಂತಾರೆ. ನನಗೊಂದು ಊಹೆ ಇದೆ ಮೇಡಂ. ಬಳಲಿದ ಕಾರ್ಯಕರ್ತ ದೂರ ಸರಿಯೋದು, ಜನರನ್ನ ಬರೀ ಫೈಲ್ ನಂಬರಾಗಿ ನೋಡೋದು ಕೆಟ್ಟದ್ದೇ. ಆದರೂ ಅದು ತಪ್ಪಿಸಿಕೊಳ್ಳೋ ಒಂದು ದಾರಿ. ನೆಂಟರನ್ನ ಹಾಗೆ ನೋಡೋಕಾಗಲ್ಲ. ಆ ಕಲಮಿನಲ್ಲಿ ಇವಳ ಅಂಕ ಕಡಿಮೆ ಬಂದರೆ ಇವಳು ಚೆನ್ನಾಗಿದ್ದಾಳೆ ಅಂತ ಅರ್ಥ ಅಲ್ಲ. ದಾರಿ ಮುಚ್ಚಿದೆ ಅಂತಲೂ ಆಗಬಹುದು."

"ಇದು ಚೆನ್ನಾಗಿದೆ. ಬರೆದುಕೋ."

"ಇನ್ನೊಂದು. ನಜರೇತಿನ ಮನೋವಿಜ್ಞಾನಿ ಮರ್ವಾನ್ ದ್ವೈರಿ 2006ರ ಪುಸ್ತಕದಲ್ಲಿ ಹೇಳೋದು ಇದೇ ಜಾಡಿನದು. ಕೂಡುಬಾಳಿನ ಸಮಾಜದಲ್ಲಿ 'ನಾನು' ಅನ್ನೋದು ಕುಟುಂಬದಿಂದ ಬೇರೆಯಾಗಿ ನಿಂತಿರಲ್ಲ. ಅದಕ್ಕೇ ಒಳಗಿನ ಸಿಟ್ಟನ್ನ ಹೊರಗೆಳೆಯೋ ಪಾಶ್ಚಾತ್ಯ ಚಿಕಿತ್ಸೆ ಅಲ್ಲಿ ಮನುಷ್ಯನನ್ನ ಮನೆಯವರ ಎದುರೇ ನಿಲ್ಲಿಸಿಬಿಡಬಹುದು. ಸಂಕಟ ಮಾತಾಗಿ ಬರೋದಕ್ಕಿಂತ ಮೈಯಲ್ಲಿ ಬರುತ್ತೆ, ಎದೆ ಬಿಗಿತ, ತಲೆನೋವು ಅಂತ. ಕಾರ್ಯಕರ್ತೆಯೂ ಅದೇ ಸಮಾಜದವಳಲ್ವಾ? 'ಭಾವನಾತ್ಮಕವಾಗಿ ಬರಿದಾಗಿದ್ದೇನೆ' ಅನ್ನೋ ಹೇಳಿಕೆಗೆ ಅವಳು 'ಎಂದೂ ಇಲ್ಲ' ಅಂತ ಗುರುತು ಹಾಕಿ, ತಲೆನೋವಿನ ಮಾತ್ರೆ ನುಂಗಿರಬಹುದು."

ಇಲ್ಲಿಯವರೆಗೆ ಮಾತು ಅವನ ಕಡೆ ವಾಲಿತ್ತು. ಅಧ್ಯಾಪಕಿ ಎರಡನೇ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಡೀ ಪ್ರಸ್ತಾವದಲ್ಲಿ ದುಡ್ಡಿನ ಮಾತು ಇರೋದು ಇದೊಂದು ಸಾಲಿನಲ್ಲಿ. 'ಸಂಪನ್ಮೂಲದ ಕೊರತೆಯೂ ಒಂದು ಕಾರಣ.' ಕೊರತೆ ಆಕಾಶದಿಂದ ಬಿತ್ತಾ? ಇಸ್ರೇಲಿನಲ್ಲಿ ಕಲ್ಯಾಣ ಸೇವೆಗೆ ದುಡ್ಡು ಬರೋ ಲೆಕ್ಕ ಕೇಳು. ನೂರಕ್ಕೆ 75 ಕೇಂದ್ರ ಸರ್ಕಾರದ್ದು, 25 ಸ್ಥಳೀಯ ಸಂಸ್ಥೆಯದ್ದು. ಸ್ಥಳೀಯ ಸಂಸ್ಥೆಗೆ ಆದಾಯ ಎಲ್ಲಿಂದ? ಆಸ್ತಿ ತೆರಿಗೆಯಿಂದ. ಅದರಲ್ಲೂ ಕಾರ್ಖಾನೆ, ಮಾಲು, ಕಚೇರಿಗಳು ಕೊಡೋ ತೆರಿಗೆಯಿಂದ. ಅರಬ್ ಪಟ್ಟಣಗಳಲ್ಲಿ ಕೈಗಾರಿಕೆಗೆ ಜಾಗವೇ ಕಮ್ಮಿ, ಜನ ಬಡವರು. ತನ್ನ 25 ಹೊಂದಿಸೋಕೆ ಆಗದ ಊರಿಗೆ ಆ 75ರಲ್ಲೂ ಪೂರ್ತಿ ಬರಲ್ಲ. ಎಲ್ಲಿ ಬಡತನ ಹೆಚ್ಚೋ ಅಲ್ಲೇ ಅನುದಾನ ಕಡಿಮೆ. ಹಾಗಾಗಿ ಒಬ್ಬಳ ತಲೆ ಮೇಲೆ ಇರೋ ಕುಟುಂಬಗಳ ಸಂಖ್ಯೆ ಏರುತ್ತೆ. ಇದು ಕಾಫಿ ಬಟ್ಟಲಿನ ತಪ್ಪಾ?"

"ಅಲ್ಲ, ಆದರೆ..."

"ಇನ್ನೂ ಕೇಳು. ದಕ್ಷಿಣದ ನೆಗೆವ್ ಮರುಭೂಮಿಯ ಬೆಡೂಯಿನ್ ಹಳ್ಳಿಗಳಲ್ಲಿ ಎಷ್ಟೋ ಸರ್ಕಾರದ ಮಾನ್ಯತೆ ಇಲ್ಲದವು. ವಿದ್ಯುತ್ ಜಾಲದ ಸಂಪರ್ಕ ಇಲ್ಲ, ಕಟ್ಟಿದ ಮನೆ ಅಕ್ರಮ ಅಂತ ಬುಲ್ಡೋಜರ್ ಬರುತ್ತೆ. ಮನೆ ಕೆಡವೋದೂ ಸರ್ಕಾರ, 'ಮಕ್ಕಳನ್ನ ಸರಿಯಾಗಿ ನೋಡಿಕೊಳ್ತಿದ್ದೀರಾ' ಅಂತ ಕೇಳೋಕೆ ಹುಡುಗಿಯನ್ನ ಕಳಿಸೋದೂ ಸರ್ಕಾರ. ಅವರ ಕಣ್ಣಲ್ಲಿ ಅವಳು ಯಾರ ಕಡೆಯವಳು? ಇನ್ನು ಇಡೀ ದೇಶ ನೋಡು. 2023 ಒಂದೇ ವರ್ಷ ಇಸ್ರೇಲಿನ ಅರಬ್ ಸಮಾಜದಲ್ಲಿ 240ಕ್ಕೂ ಹೆಚ್ಚು ಜನ ಕೊಲೆಯಾದರು, ಬಹುಪಾಲು ಪ್ರಕರಣ ಬಗೆಹರಿಯಲಿಲ್ಲ. ಗುಂಡು ಹಾರಿಸಿದವನನ್ನೇ ಹಿಡಿಯದ ಪೊಲೀಸರಿಗೆ ಇವಳು ಮಗನಿಗೆ ಹೊಡೆದ ಅಪ್ಪನ ಹೆಸರು ಬರೆದು ಕೊಡಬೇಕು. ನಾಳೆ ಅವಳಿಗೆ ಬೆದರಿಕೆ ಬಂದರೆ ಕಾಯೋರು ಅದೇ ಪೊಲೀಸರು."

"ನೀವು ಹೇಳೋದರಲ್ಲೇ ನನ್ನ ಮಾತೂ ಇದೆ. ಹಣ ಕಡಿಮೆ ಇರೋ ಯಹೂದಿ ಪಟ್ಟಣದಲ್ಲೂ ಕಾರ್ಯಕರ್ತರು ಸುಸ್ತಾಗ್ತಾರೆ. ಆದರೆ ಅಲ್ಲಿ ಕುಲದ ಕಟ್ಟಳೆ ಅಡ್ಡ ಬರಲ್ಲ. ನೆಗೆವ್‌ನವರೇ ಆದ ಅಲಿಯಾನ್ ಅಲ್ ಕ್ರೆನಾವಿ, ಜಾನ್ ಗ್ರಹಾಂ ಜೊತೆ ಸೇರಿ 1997ರಲ್ಲಿ ರಕ್ತದ್ವೇಷದ ಬಗ್ಗೆ ಬರೆದರು. ಬೆಡೂಯಿನ್ನರಲ್ಲಿ ಒಂದು ಕೊಲೆಯಾದರೆ ಹೊಣೆ ಕೊಂದವನೊಬ್ಬನದಲ್ಲ, ಅವನ ತಂದೆಯ ಕಡೆಯ ಗಂಡಸರೆಲ್ಲರದು, ಐದು ತಲೆಮಾರಿನ ನೆಂಟಸ್ತಿಕೆಯವರೆಗೆ. ಆ ಜಗಳದ ಕುಟುಂಬಕ್ಕೆ ನೆರವಾಗಬೇಕಾದ ಸಮಾಜಕಾರ್ಯಕರ್ತನೂ ಯಾವುದೋ ಕುಲದವನೇ. ವೃತ್ತಿ ಹೇಳೋದು ಪಕ್ಷಪಾತ ಬೇಡ ಅಂತ. ಕುಲ ಹೇಳೋದು ನೀನು ನಮ್ಮವನು ಅಂತ. ಇದಕ್ಕೆ ಯಾವ ಅನುದಾನ ಕೊಟ್ಟು ಪರಿಹಾರ ಮಾಡ್ತೀರಿ?"

ಈ ಸಲ ಒಪ್ಪಿದವರು ಅವರು. "ಮಾಡೋಕಾಗಲ್ಲ. ಅದು ನಿಜವಾಗಲೂ ಬೇರೆ ಬಗೆಯ ಭಾರ."

ಆದರೆ ಒಪ್ಪಿ ಬಿಡುವ ಜಾಯಮಾನ ಅವರದಲ್ಲ. "ಅದೇ ಕುಲ ಕೈಹಿಡಿಯೋದನ್ನೂ ಬರೀಬೇಕಲ್ಲ. ನಿನ್ನ ಪ್ರಸ್ತಾವದಲ್ಲಿ ಸಂಸ್ಕೃತಿ ಅಂದರೆ ಬರೀ ಹೊರೆ. ಅಲ್ ಕ್ರೆನಾವಿ, ಗ್ರಹಾಂ ಇಬ್ಬರೂ ಸಾಂಸ್ಕೃತಿಕ ಮಧ್ಯಸ್ಥರ ಬಗ್ಗೆ ಬರೆದಿದ್ದನ್ನ ನೀನು ಓದಿರಬೇಕು. ಊರಿನ ಹಿರಿಯ, ಇಮಾಮ್, ಮನೆಯ ದೊಡ್ಡ ಹೆಂಗಸು, ಇಂಥವರನ್ನ ಜೊತೆಗೆ ಕರೆದುಕೊಂಡೇ ಕೆಲಸ ಮಾಡೋದು. ಕೊಲೆ, ಹೊಡೆದಾಟದ ನಂತರ ನಡೆಯೋ ಸುಲ್ಹಾ ಅನ್ನೋ ರಾಜಿ ಪದ್ಧತಿಯಲ್ಲಿ ಕದನ ವಿರಾಮ, ಪರಿಹಾರ, ಎಲ್ಲರೆದುರು ಕೈ ಕುಲುಕೋದು, ಒಟ್ಟಿಗೆ ಊಟ, ಎಲ್ಲಕ್ಕೂ ಕ್ರಮ ಇದೆ. ಬುದ್ಧಿವಂತ ಕಾರ್ಯಕರ್ತೆ ಅದನ್ನ ಎದುರು ಹಾಕಿಕೊಳ್ಳಲ್ಲ, ಬಳಸಿಕೊಳ್ತಾಳೆ. ಭಾರ ಹಂಚಿಹೋಗುತ್ತೆ."

"ಸುಲ್ಹಾದಲ್ಲಿ ಹೆಂಗಸರ ಮಾತಿಗೆ ಜಾಗ ಎಲ್ಲಿದೆ ಮೇಡಂ? ಹಿರಿಯರೆಲ್ಲ ಗಂಡಸರು. ಗಂಡನಿಂದ ಹೊಡೆತ ತಿಂದವಳ ಕೇಸಿನಲ್ಲಿ ಹಿರಿಯರನ್ನ ಕರೆದರೆ 'ತಾಳಿಕೋ ಮಗಳೇ, ಮಾನ ಹೋಗುತ್ತೆ' ಅಂದು ಮತ್ತೆ ಅದೇ ಮನೆಗೆ ಕಳಿಸೋ ಅಪಾಯ ಇದೆ. ಬಹುಪತ್ನಿತ್ವವನ್ನೇ ನೋಡಿ. ಇಸ್ರೇಲಿನ ಕಾನೂನು ಅದನ್ನ ಅಪರಾಧ ಅಂತ ಶಿಕ್ಷಿಸುತ್ತೆ, ನೆಗೆವ್‌ನಲ್ಲಿ ನಡೀತಾನೇ ಇದೆ. ಎರಡನೇ ಹೆಂಡತಿ ಸಹಾಯ ಕೇಳಿ ಬಂದರೆ ಕಾಗದದ ಮೇಲೆ ಅವಳು ಹೆಂಡತಿಯೇ ಅಲ್ಲ. ಹಿರಿಯರ ಪಾಲಿಗೆ ಅದೊಂದು ಸಮಸ್ಯೆಯೇ ಅಲ್ಲ. ಕೊನೆಗೆ ಅವಳ ಕಣ್ಣೀರು ನೋಡೋಳು ಇವಳೊಬ್ಬಳೇ."

"ಹೌದು. ಅದಕ್ಕೇ ಹಿರಿಯರನ್ನ ಯಾವ ಕೇಸಿಗೆ ಕರೀಬೇಕು, ಯಾವುದಕ್ಕೆ ಕರೀಬಾರದು ಅನ್ನೋದೇ ಅಲ್ಲಿನ ಕೆಲಸದ ಅರ್ಧ ವಿದ್ಯೆ. ಅದನ್ನ ಯಾವ ಕಾಲೇಜೂ ಕಲಿಸಲ್ಲ. ಹತ್ತು ವರ್ಷ ಅನುಭವ ಇರೋ ಮೇಲಧಿಕಾರಿ ವಾರಕ್ಕೊಮ್ಮೆ ಪಕ್ಕ ಕೂತು ಮಾತಾಡಿದರೆ ಬರುತ್ತೆ. ಆ ಹುದ್ದೆ ತುಂಬೋಕೆ ಮತ್ತೆ ದುಡ್ಡು ಬೇಕು."

ಇಬ್ಬರೂ ನಕ್ಕರು. ಎಲ್ಲಿ ಹೊರಟರೂ ಅವರ ದಾರಿ ಖಜಾನೆಗೇ ಹೋಗಿ ನಿಲ್ಲುತ್ತದೆ ಎಂಬುದು ಹಳೆಯ ವಿದ್ಯಾರ್ಥಿಗಳಲ್ಲಿ ಪ್ರಸಿದ್ಧ. ಈ ವಿಷಯದಲ್ಲಿ ಅವರ ಕೈಗೆ ಒಂದು ಗಟ್ಟಿ ಸಾಕ್ಷಿಯೂ ಇತ್ತು. 2020ರ ಜುಲೈನಲ್ಲಿ ಕೊರೊನಾ ನಡುವೆಯೇ ಇಸ್ರೇಲಿನ ಸಮಾಜಕಾರ್ಯಕರ್ತರು ಎರಡು ವಾರ ಮೀರಿ ಮುಷ್ಕರ ಹೂಡಿದ್ದರು. ಅವರು ಕೇಳಿದ್ದು ಸಂಬಳ, ಕೇಸುಗಳ ಹೊರೆ ಇಳಿಸುವುದು, ಹಲ್ಲೆಯಿಂದ ರಕ್ಷಣೆ. ಈ ಮೂರೂ ಬೇಡಿಕೆ ಯಹೂದಿ ಕಾರ್ಯಕರ್ತರದೂ ಹೌದು, ಅರಬ್ ಕಾರ್ಯಕರ್ತರದೂ ಹೌದು.

"ಸಂಬಳ ಅಂದಾಗ ಲೆಬನಾನ್ ನೆನಪಾಯ್ತು," ಎಂದ ಅವನು. "2019ರ ಆರ್ಥಿಕ ಕುಸಿತದ ನಂತರ ಅಲ್ಲಿನ ಲಿರಾ ಶೇಕಡ 90ಕ್ಕಿಂತ ಹೆಚ್ಚು ಮೌಲ್ಯ ಕಳ್ಕೊಂಡಿತು. ಸರ್ಕಾರಿ ನೌಕರರ ಸಂಬಳ ಕಚೇರಿಗೆ ಹೋಗಿಬರೋ ಪೆಟ್ರೋಲಿಗೂ ಸಾಲದಾಯ್ತು. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ನಿರಾಶ್ರಿತರಿದ್ದ ದೇಶ ಅದು. ನೆರವು ಹಂಚೋಳು ನೆರವು ಪಡೆಯೋರಷ್ಟೇ ಬಡವಳಾದಳು."

"ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ಗಾಜಾ. ಅಲ್ಲಿಗೆ ಹೋದ ಮೇಲೆ ನಿನ್ನ ಮಾಪನಕ್ಕೇ ಅರ್ಥ ಉಳಿಯಲ್ಲ. ಇಯಾದ್ ಅಲ್ ಸರ್ರಾಜ್ 1990ರಲ್ಲಿ ಗಾಜಾ ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿದಾಗಲೇ ಅಲ್ಲಿನ ಆಪ್ತಸಮಾಲೋಚಕರು ತಾವು ಚಿಕಿತ್ಸೆ ಕೊಡೋರ ಬದುಕನ್ನೇ ಬದುಕ್ತಿದ್ದರು. 2023ರ ಅಕ್ಟೋಬರ್ ನಂತರ ವಿಶ್ವಸಂಸ್ಥೆಯ ಪ್ಯಾಲೆಸ್ಟೀನ್ ನಿರಾಶ್ರಿತರ ಸಂಸ್ಥೆಯೊಂದರಲ್ಲೇ ಗಾಜಾದ 300ಕ್ಕೂ ಹೆಚ್ಚು ಸಿಬ್ಬಂದಿ ಸತ್ತಿದ್ದಾರೆ. ಪ್ಯಾಲೆಸ್ಟೀನಿನ ಮನೋವೈದ್ಯೆ ಸಮಾಹ್ ಜಬ್ರ್ ಬಹಳ ವರ್ಷಗಳಿಂದ ಒಂದು ಮಾತು ಹೇಳ್ತಾ ಬಂದಿದ್ದಾರೆ: ಆಘಾತ ಮುಗಿದ ನಂತರದ ಒತ್ತಡಕ್ಕೆ ಪಶ್ಚಿಮದವರು ಕೊಟ್ಟ ರೋಗದ ಹೆಸರು ತಮ್ಮ ಜನಕ್ಕೆ ಹೊಂದೋದಿಲ್ಲ, ಏಕೆಂದರೆ ಅಲ್ಲಿ ಆಘಾತ ಮುಗಿಯೋದೇ ಇಲ್ಲ. ಆ ಮಾತು ಕಾರ್ಯಕರ್ತರಿಗೂ ಅನ್ವಯಿಸುತ್ತೆ. ಡೇರೆಯಲ್ಲಿ ಮಲಗಿ, ನೀರಿಗೆ ಸಾಲು ನಿಂತು, ಆಮೇಲೆ ಪಕ್ಕದ ಡೇರೆಯ ಮಗುವಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬರೆಸೋಳನ್ನ 'ಕೆಲಸದಿಂದ ಬಳಲಿದ್ದೀರಾ' ಅಂತ ಕೇಳ್ತೀಯಾ?"

ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆದರೂ ಅವರು ಕೆಲಸ ಬಿಡಲ್ಲ. ಅದು ಯಾಕೆ ಅಂತ ಗೊತ್ತಾಗಬೇಕಲ್ಲ. ಸಬ್ರ್ ಅಂತಾರೆ, ತಾಳ್ಮೆ. ದೇವರ ಲೆಕ್ಕದಲ್ಲಿ ಪುಣ್ಯ ಅಂತಾರೆ. ನಮ್ಮ ಜನಕ್ಕೆ ನಾವಲ್ಲದೆ ಇನ್ಯಾರು ಅಂತಾರೆ. ಇದನ್ನೂ ಲೆಕ್ಕಕ್ಕೆ ತಗೋಬೇಡವಾ?" ಎಂದ.

"ತಗೋ. ಅರ್ಥ ಇರೋ ಕೆಲಸ ಮನುಷ್ಯನನ್ನ ಹಿಡಿದಿಡುತ್ತೆ ಅಂತ ಮ್ಯಾಸ್ಲಾಕ್ ಕೂಡ ಒಪ್ಪುತ್ತಾಳೆ. ಮೈಕಲ್ ಲೈಟರ್ ಜೊತೆ ಸೇರಿ ಅವಳು ಪಟ್ಟಿ ಮಾಡಿದ ಆರು ಕಾರಣಗಳಲ್ಲಿ ಕೆಲಸದ ಹೊರೆ, ಹಿಡಿತ, ಪ್ರತಿಫಲದ ಜೊತೆಗೆ ಸಹೋದ್ಯೋಗಿಗಳ ಬಳಗ, ನ್ಯಾಯ, ಮೌಲ್ಯ ಕೂಡ ಇವೆ. ಆದರೆ ಒಂದು ಎಚ್ಚರ ಇರಲಿ. 'ಅವರ ಸಂಸ್ಕೃತಿಯೇ ಅವರನ್ನ ಕಾಯುತ್ತೆ' ಅಂತ ನೀನು ಬರೆದರೆ ಹುದ್ದೆ ಮಂಜೂರು ಮಾಡದ ಅಧಿಕಾರಿಗೆ ಅದೇ ಸಾಕು. 'ಅವರ ಸಂಸ್ಕೃತಿಯೇ ಅವರನ್ನ ಸುಡುತ್ತೆ' ಅಂತ ಬರೆದರೂ ಅವನಿಗೆ ಅಷ್ಟೇ ಖುಷಿ. ಎರಡರಲ್ಲೂ ಅವನ ಜೇಬು ಕ್ಷೇಮ."

ಆಮೇಲೆ ಕೆಂಪು ಪೆನ್ನು ಹೊರಬಂತು. ಹಾಫ್‌ಸ್ಟೆಡ್ ಕೋಷ್ಟಕಕ್ಕೆ ಅಡ್ಡಗೀಟು ಬಿತ್ತು. ಶೀರ್ಷಿಕೆಯಲ್ಲಿ 'ಅರಬ್' ಎಂಬಲ್ಲಿ ಒಂದು ಪ್ರದೇಶದ ಹೆಸರು ಬರಬೇಕೆಂದು ಅಂಚಿನಲ್ಲಿ ಬರೆದರು. ಆಯ್ದ ಪಟ್ಟಣಗಳ ಕಲ್ಯಾಣ ಕಚೇರಿಯ ಆಯವ್ಯಯ, ಮಂಜೂರಾದ ಹುದ್ದೆ, ತುಂಬಿದ ಹುದ್ದೆಗಳ ಲೆಕ್ಕ ಮೊದಲ ಅಧ್ಯಾಯಕ್ಕೆ ಬರಬೇಕೆಂದರು. ಸಂಸ್ಕೃತಿ ಎರಡನೆಯದಕ್ಕೆ. ಅವನು ಆ ಕ್ರಮಕ್ಕೆ ಒಪ್ಪಲಿಲ್ಲ. ಓದುವವರು ಮೊದಲು ಆ ಮನೆಯೊಳಗೆ ಹೋಗಿ ಕೂರಲಿ, ಆಮೇಲೆ ಲೆಕ್ಕ ನೋಡಲಿ ಎಂದ. ಅದು ಇತ್ಯರ್ಥವಾಗಲಿಲ್ಲ.

ಆದರೆ ಪ್ರಶ್ನಾವಳಿಗೆ ತಾನೇ ಒಂದು ಪ್ರಶ್ನೆ ಸೇರಿಸುತ್ತೇನೆ ಎಂದಾಗ ಅವರು ಎರಡು ಮಾತಾಡದೆ ಸಹಿ ಹಾಕಿದರು. ಕಳೆದ ತಿಂಗಳು ನೀವು ಕೈಗೆತ್ತಿಕೊಂಡ ಪ್ರತಿಯೊಂದು ಕೇಸಿನವರೂ ನಿಮಗೆ ಏನಾಗಬೇಕು ಎಂಬುದು ಆ ಪ್ರಶ್ನೆ. ಮ್ಯಾಸ್ಲಾಕ್ ಮಾಪನದ 22 ಹೇಳಿಕೆಗಳಲ್ಲಿ ನೆಂಟಸ್ತಿಕೆಯ ಸುದ್ದಿ ಎತ್ತುವುದು ಒಂದೂ ಇಲ್ಲ.